ತಡವಾಗಿ ಬರೆಯಲಾಗದ ಸಾಕ್ಷ್ಯ: ತನಿಖಾ ಟಿಪ್ಪಣಿ, ಧ್ವನಿ-ದೃಶ್ಯ ದಾಖಲೆ ಮತ್ತು ನ್ಯಾಯಾಲಯ

2024ರ ಜುಲೈ 1ರಂದು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಂದಿನಿಂದ ವಿದ್ಯುನ್ಮಾನ ದಾಖಲೆಯ ಚರ್ಚೆ ಬಹುಪಾಲು 63(4)ನೇ ಕಲಮಿನ ಪ್ರಮಾಣಪತ್ರದ ಸುತ್ತಲೇ ಸುತ್ತುತ್ತಿದೆ. ದಾವಣಗೆರೆ ಮಂಡಿಪೇಟೆಯ ಸಗಟು ಅಂಗಡಿಯೊಂದರ ಸಿಸಿಟಿವಿ ದೃಶ್ಯ ಸಂಗ್ರಹಿಸುವ ಡಿವಿಆರ್‌ನಿಂದ ನಕಲು ಮಾಡಿದ ದೃಶ್ಯ ಕೋರ್ಟಿಗೆ ಬರಬೇಕಾದರೆ, ಯಂತ್ರದ ಉಸ್ತುವಾರಿ ಇರುವವರು ಅದರ ಮೊದಲ ಭಾಗಕ್ಕೂ ತಜ್ಞರು ಎರಡನೆಯ ಭಾಗಕ್ಕೂ ಸಹಿ ಮಾಡಬೇಕು, ಕಡತದ ಬೆರಳಚ್ಚಿನಂಥ ಹ್ಯಾಶ್ ಮೌಲ್ಯ ನಮೂದಾಗಬೇಕು. ಈ ಪತ್ರ ದಾಖಲೆಗೆ ಕೋರ್ಟಿನ ಬಾಗಿಲು ತೆರೆಯುತ್ತದೆ, ಅಷ್ಟೆ. ಒಳಗೆ ಬಂದ ದಾಖಲೆಯನ್ನು ನಂಬುವುದೋ ಬಿಡುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಸ್ಥಳದಲ್ಲೇ, ಆಗಲೇ ಬರೆದ ಮಹಜರು ಎಂಬುದು ಈ ಲೇಖನದ ವಾದ.

ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಎರಡು ಪ್ರಕರಣಗಳು ಇದಕ್ಕೆ ಆಧಾರ. ಲೋಕಾಯುಕ್ತ ಪೊಲೀಸರು ಮತ್ತು ಎಂ.ಆರ್. ಹಿರೇಮಠ ನಡುವಿನ ಪ್ರಕರಣದಲ್ಲಿ (2019) ಗುಪ್ತ ಕ್ಯಾಮೆರಾದ ಚಿತ್ರಣಕ್ಕೆ ದೋಷಾರೋಪ ಪಟ್ಟಿಯ ಹಂತದಲ್ಲಿ ಪ್ರಮಾಣಪತ್ರ ಇಲ್ಲದಿದ್ದುದು ಮಾರಕವಲ್ಲ, ವಿಚಾರಣೆಯಲ್ಲಿ ಹಾಜರುಪಡಿಸಬಹುದು ಎಂದು ತೀರ್ಪಾಯಿತು. 2008ರ ಬೆಂಗಳೂರು ಸರಣಿ ಸ್ಫೋಟಕ್ಕೆ ಸಂಬಂಧಿಸಿದ ಟಿ. ನಾಸೀರ್ ಪ್ರಕರಣದಲ್ಲೂ (2023) ತಡವಾಗಿ ಬಂದ ಪ್ರಮಾಣಪತ್ರಕ್ಕೆ ಅವಕಾಶ ಸಿಕ್ಕಿತು. ಪತ್ರ ತಡವಾದರೆ ಪರಿಹಾರವಿದೆ ಎಂದಾಯಿತು. ಆದರೆ ರಾಮ್ ಸಿಂಗ್ ಪ್ರಕರಣ (1985) ಧ್ವನಿಮುದ್ರಣಕ್ಕೆ ವಿಧಿಸಿದ ಷರತ್ತುಗಳನ್ನು ನೋಡಿ: ಧ್ವನಿ ಯಾರದೆಂದು ಗುರುತಾಗಬೇಕು, ತಿದ್ದುಪಡಿಯ ಸಾಧ್ಯತೆ ಇರಬಾರದು, ಮುದ್ರೆ ಹಾಕಿ ಸುರಕ್ಷಿತವಾಗಿ ಇಟ್ಟಿರಬೇಕು. ಇವಕ್ಕೆ ಉತ್ತರ ಸಿಗುವುದು ಆ ಹೊತ್ತಿನ ಬರಹದಲ್ಲಿ. ವರ್ಷಗಳಾದ ಮೇಲೆ ಅದನ್ನು ಹುಟ್ಟಿಸಲಾಗದು. 2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಬ್ಯಾಂಕಿನಿಂದ 17 ಕಿಲೊಗೂ ಹೆಚ್ಚು ಚಿನ್ನ ಕದ್ದವರು ಡಿವಿಆರ್ ಅನ್ನೂ ಹೊತ್ತೊಯ್ದಿದ್ದರು. ಚಿತ್ರವೇ ಇಲ್ಲದ ಇಂಥ ಕಡೆ ಸ್ಥಳ ಮಹಜರಿನ ತೂಕ ಇನ್ನೂ ಹೆಚ್ಚುತ್ತದೆ.

ಹ್ಯಾಶ್ ಇರುವಾಗ ಟಿಪ್ಪಣಿ ಏಕೆ ಎಂಬ ಆಕ್ಷೇಪಣೆ ಉಂಟು. ಹ್ಯಾಶ್ ತೆಗೆದ ಮೇಲೆ ಕಡತ ಬದಲಾಗಿಲ್ಲ ಎಂಬುದನ್ನಷ್ಟೇ ಅದು ಹೇಳಬಲ್ಲದು. ಅದಕ್ಕೆ ಮೊದಲು ಯಂತ್ರವನ್ನು ಮುಟ್ಟಿದವರಾರು, ಅದರ ಗಡಿಯಾರ ಎಷ್ಟು ಹಿಂದಿತ್ತು ಎಂಬುದನ್ನು ಹೇಳದು. ತನಿಖಾಧಿಕಾರಿ ಟಿಪ್ಪಣಿ ಬರೆದಿಡುವ ಕೇಸ್ ಡೈರಿ ಸಾಕ್ಷ್ಯವೇ ಅಲ್ಲವಲ್ಲ ಎಂಬುದು ಎರಡನೆಯ ಆಕ್ಷೇಪಣೆ. ನಿಜ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 192ನೇ ಕಲಮಿನಂತೆ ನ್ಯಾಯಾಲಯ ಅದನ್ನು ನೆರವಿಗಷ್ಟೇ ಬಳಸಬಹುದು. ಆದರೆ ತನಿಖಾಧಿಕಾರಿ ಸಾಕ್ಷಿಕಟ್ಟೆಯಲ್ಲಿ ನೆನಪು ತಾಜಾ ಮಾಡಿಕೊಳ್ಳಲು ಅದನ್ನು ತೆರೆದರೆ ಎದುರು ವಕೀಲರಿಗೂ ಅದು ಪಾಟೀಸವಾಲಿಗೆ ತೆರೆದುಕೊಳ್ಳುತ್ತದೆ. ಶೋಧ, ಜಪ್ತಿಯನ್ನು ಚಿತ್ರೀಕರಿಸುವುದನ್ನು ಅದೇ ಸಂಹಿತೆಯ 105ನೇ ಕಲಮು ಈಗ ಕಡ್ಡಾಯ ಮಾಡಿರುವಾಗ ಬರಹ ಪುನರುಕ್ತಿಯಲ್ಲವೇ ಎಂದೂ ಕೇಳಬಹುದು. ಆ ಚಿತ್ರೀಕರಣವೂ ಒಂದು ದಾಖಲೆಯೇ. ಅದನ್ನು ಯಾರು, ಯಾವ ಮೊಬೈಲಿನಲ್ಲಿ ಮಾಡಿದರು, ಯಾವಾಗ ಮ್ಯಾಜಿಸ್ಟ್ರೇಟರಿಗೆ ಕಳಿಸಿದರು ಎಂದು ಬರೆದಿಡದಿದ್ದರೆ ಅದಕ್ಕೂ ಅದೇ ಪ್ರಶ್ನೆಗಳು ಎದುರಾಗುತ್ತವೆ.

ಆದ್ದರಿಂದ ದಾವಣಗೆರೆ, ಹರಿಹರದಂಥ ವ್ಯಾಪಾರದ ಊರುಗಳ ಠಾಣೆಗಳಲ್ಲಿ ತರಬೇತಿಯ ಒತ್ತು ಪ್ರಮಾಣಪತ್ರದ ನಮೂನೆಯಿಂದ ಮಹಜರಿನ ಕಡೆಗೆ ಸರಿಯಬೇಕು. ಯಂತ್ರದ ಗುರುತು, ಗಡಿಯಾರದ ವ್ಯತ್ಯಾಸ, ನಕಲು ಮಾಡಿದವರ ಹೆಸರು, ಹ್ಯಾಶ್, ಮುದ್ರೆ: ಈ ಐದನ್ನು ಪಂಚರ ಎದುರಿನಲ್ಲೇ ಬರೆಯದ ಜಪ್ತಿಯನ್ನು ಮೇಲಧಿಕಾರಿಗಳು ಅಪೂರ್ಣವೆಂದೇ ಪರಿಗಣಿಸಬೇಕು.