ಹಸಿರಲೆ ಮತ್ತು ಹೆಬ್ಬಾತುಗಳ ವಲಸೆ

ಹಸಿರಲೆ: ವಸಂತದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹಂತಹಂತವಾಗಿ ಸಾಗುವ ಹುಲ್ಲಿನ ಚಿಗುರು. ಮೇಯುವ ಹೆಬ್ಬಾತುಗಳು ಇದರ ಬೆನ್ನು ಹಿಡಿದೇ ವಲಸೆ ಹೋಗುತ್ತವೆಂಬ ಊಹೆಯನ್ನು ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿದ್ದ ರೂಡಾಲ್ಫ್ ಡ್ರೆಂಟ್ ಮತ್ತು ಸಂಗಡಿಗರು 1978ರಲ್ಲಿ ಮುಂದಿಟ್ಟರು.

ಹಸಿರಾಗಿರುವುದೆಲ್ಲ ಒಳ್ಳೆಯ ಮೇವಲ್ಲ. ಎಳೆಹುಲ್ಲಿನಲ್ಲಿ ಸಾರಜನಕ ಹೆಚ್ಚು, ನಾರು ಕಡಿಮೆ. ಬಲಿತಂತೆ ಇದು ತಿರುಗುಮುರುಗು. ಹಸುವಿನಂತೆ ಮೆಲುಕು ಹಾಕುವ ಸೌಕರ್ಯ ಹೆಬ್ಬಾತಿಗಿಲ್ಲ. ತಿಂದದ್ದು ಒಂದೆರಡು ತಾಸಿನಲ್ಲೇ ಹಿಕ್ಕೆಯಾಗಿ ಬೀಳುತ್ತದೆ, ಅದರಲ್ಲಿ ಹುಲ್ಲಿನ ಎಳೆಗಳು ಕಣ್ಣಿಗೇ ಕಾಣುತ್ತವೆ. ಹಾಗಾಗಿ ದಿನದ ಬಹುಪಾಲು ಚಿಗುರು ಚಿವುಟುತ್ತಲೇ ಇರಬೇಕು.

ಡಚ್, ಜರ್ಮನ್ ಕರಾವಳಿಯಲ್ಲಿ ಚಳಿಗಾಲ ಕಳೆಯುವ ಬಾರ್ನಕಲ್ ಹೆಬ್ಬಾತು ಬಾಲ್ಟಿಕ್ ಹಾಗೂ ಶ್ವೇತ ಸಮುದ್ರದ ದಂಡೆಗಳಲ್ಲಿ ತಂಗಿ, ಕೊಬ್ಬು ಕೂಡಿಸಿಕೊಂಡು ರಷ್ಯಾದ ಆರ್ಕ್ಟಿಕ್ ತೀರ ಸೇರುತ್ತದೆ. ಈಗ ಅಲ್ಲಿ ಹಿಮ ಬೇಗ ಕರಗುತ್ತಿದೆ. ದೂರದಲ್ಲಿರುವ ಹಕ್ಕಿಗೆ ಅದರ ಸುಳಿವು ಸಿಗುವುದು ಕಷ್ಟ. 2018ರಲ್ಲಿ ಪ್ರಕಟವಾದ ಅಧ್ಯಯನದಂತೆ, ವಸಂತ ಬೇಗ ಬಂದ ವರ್ಷಗಳಲ್ಲಿ ಇವು ತಂಗುವುದನ್ನು ಕಡಿಮೆ ಮಾಡಿ ಬೇಗನೇ ತಲುಪಿದವು. ಅವಸರದ ಬೆಲೆ ಮಾತ್ರ ಅಲ್ಲಿ ಹೋದಮೇಲೆ ತೆರಬೇಕಾಯಿತು: ಕೊಬ್ಬು ಕರಗಿದ ಹೆಣ್ಣು ಕೂಡಲೇ ಮೊಟ್ಟೆಯಿಡಲಾರದೆ, ಮೊದಲು ಮೇಯ್ದು ಮೈತುಂಬಿಕೊಳ್ಳಬೇಕು. ಉಳಿಸಿದ ದಿನಗಳು ಅದಕ್ಕೇ ಸಂದವು. ತಾಯ್ತಂದೆ ಗುಟುಕು ಕೊಡುವ ಪದ್ಧತಿ ಹೆಬ್ಬಾತುಗಳಲ್ಲಿಲ್ಲ. ಮರಿಗಳು ತಾವೇ ಮೇಯಬೇಕು. ಅವು ಹೊರಬರುವ ವೇಳೆಗೆ ಹುಲ್ಲಿನ ಸಾರ ಇಳಿದಿತ್ತು, ಬದುಕುಳಿದವು ಕಡಿಮೆ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತೂ ಮೇಯುವ ಹಕ್ಕಿಯೇ. ಆದರೆ ಹಿಮಾಲಯ ದಾಟುವ ಅದರ ಹಾದಿಗೆ ಈ ಲೆಕ್ಕವನ್ನು ಹಾಗೇ ಹೊಂದಿಸಲಾಗದು.

ಎಲ್ಲ ಬಾರ್ನಕಲ್‌ಗಳೂ ಈಗ ಉತ್ತರಕ್ಕೆ ಹೋಗುವುದಿಲ್ಲ. 1970ರ ದಶಕದಿಂದ ಸ್ವೀಡನ್ನಿನ ಗಾಟ್‌ಲೆಂಡ್‌ನಲ್ಲಿ, ಆಮೇಲೆ ನೆದರ್ಲೆಂಡ್ಸ್‌ನಲ್ಲೂ ಕೆಲವು ಗೂಡುಕಟ್ಟುತ್ತಿವೆ.