ಸೇದುಬಾವಿಯಿಂದ ಬೋರ್‌ವೆಲ್ಲಿಗೆ: ನಾಲ್ಕು ತಾಲೂಕುಗಳ ನೀರು ಮತ್ತು ಮೂಳೆಯ ಕ್ಯಾಲ್ಸಿಯಂ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಚರಿತ್ರೆಯನ್ನು ಬರಗಾಲಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಈ ತಾಲೂಕುಗಳಿದ್ದ ಅಂದಿನ ಕಲಾದಗಿ ಜಿಲ್ಲೆ 1876–78ರ ಕ್ಷಾಮದಲ್ಲಿ ಪಟ್ಟ ಪಾಡನ್ನು ನೆನೆದರೆ ಅದು ಸಹಜವೂ ಹೌದು. ಬರ ನೀಗಿಸಲು ಬಂದ ನೀರು ಇಲ್ಲಿನವರ ಮೂಳೆಗೆ ಏನು ಮಾಡಿತೆಂಬ ಪ್ರಶ್ನೆಗೆ ಮಾತ್ರ ಆ ಚರಿತ್ರೆಯಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಡೋಣಿ ಹೊಳೆಯ ನೀರು ಸವುಳಾದ್ದರಿಂದ ಎರೆಮಣ್ಣಿನ ಈ ಬಯಲಿನ ಜನ ಕುಡಿಯುವುದಕ್ಕೆ ಸೇದುಬಾವಿಗಳನ್ನೂ ಹಳ್ಳದ ಮರಳಲ್ಲಿ ತೋಡಿದ ವರತಿಗಳನ್ನೂ ನೆಚ್ಚಿದ್ದರು. 1960ರ ದಶಕದ ಕೊನೆಯಲ್ಲಿ ಯುನಿಸೆಫ್ ನೆರವಿನಿಂದ ಗಟ್ಟಿಬಂಡೆ ಕೊರೆಯುವ ಯಂತ್ರಗಳು ಭಾರತಕ್ಕೆ ಬಂದವು. 1971–73ರ ಬರದ ನಂತರ ಬೋರ್‌ವೆಲ್ ಊರೂರಿಗೂ ಹಬ್ಬಿತು. ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕ್ಯಾಲ್ಸಿಯಂ ಹೇರಳವಾಗಿದ್ದಲ್ಲಿ ಅದು ಫ್ಲೋರೈಡಿನೊಡನೆ ಕೂಡಿ ತಳ ಸೇರುವುದರಿಂದ, ಕ್ಯಾಲ್ಸಿಯಂ ಕಡಿಮೆಯಿರುವ ನೀರಿನಲ್ಲೇ ಫ್ಲೋರೈಡ್ ಏರುತ್ತದೆ. ಈ ತಾಲೂಕುಗಳ ಹಲವೆಡೆ ಅದು ಭಾರತೀಯ ಮಾನಕದ ಗರಿಷ್ಠ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ಅನ್ನು ಮೀರಿದೆ.

ಈ ನೀರಿನ ಹೊರೆಯನ್ನು ದೇಹದಲ್ಲಿ ಹೊರುವುದು ಕುತ್ತಿಗೆಯ ಥೈರಾಯ್ಡಿನ ಹಿಂದೆ ಅಕ್ಕಿಕಾಳಿನಷ್ಟಿರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು. ಇವನ್ನು ಮೊದಲು ಗುರುತಿಸಿದ್ದು ಭಾರತೀಯ ಘೇಂಡಾಮೃಗವೊಂದರಲ್ಲಿ: 1849ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸತ್ತ ಆ ಪ್ರಾಣಿಯನ್ನು ಸೀಳಿ ನೋಡಿದ ರಿಚರ್ಡ್ ಓವನ್ ಅವನ್ನು ಕಂಡನು, ಮನುಷ್ಯರಲ್ಲಿ ಅವುಗಳನ್ನು ವಿವರವಾಗಿ ಬಣ್ಣಿಸಿದವನು 1880ರಲ್ಲಿ ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರೋಮ್. ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲುಗಳಲ್ಲಿದ್ದು, ರಕ್ತದಲ್ಲಿನ ಅಲ್ಪಾಂಶ ಇಳಿದೊಡನೆ ಈ ಗ್ರಂಥಿಗಳ ಹಾರ್ಮೋನು ಮೂಳೆಯ ಕಣಜದಿಂದ ಅದನ್ನು ತೆಗೆದು ತುಂಬಿಕೊಡುತ್ತದೆ. ಫ್ಲೋರೈಡ್ ಮೂಳೆ ಸೇರಿ ಅದನ್ನು ಸುಲಭವಾಗಿ ಕರಗದಂತೆ ಮಾಡುತ್ತದೆ, ಹೊಸ ಮೂಳೆ ಬೆಳೆಸಲು ಹೆಚ್ಚು ಕ್ಯಾಲ್ಸಿಯಂ ಬೇಡುತ್ತದೆ. ಊಟದಲ್ಲಿಯೂ ಕ್ಯಾಲ್ಸಿಯಂ ಸಾಲದಾದಾಗ ಗ್ರಂಥಿಗಳು ಬಿಡುವಿಲ್ಲದೆ ದುಡಿದು ಊದಿಕೊಳ್ಳುತ್ತವೆ. ಬೇರೊಂದು ಕಾರಣದಿಂದ ಬರುವ ಈ ಅತಿದುಡಿಮೆಗೆ ವೈದ್ಯರು ದ್ವಿತೀಯಕ ಹೈಪರ್‌ಪ್ಯಾರಾಥೈರಾಯ್ಡಿಸಂ ಎನ್ನುತ್ತಾರೆ. ಅತಿಯಾದ ಫ್ಲೋರೈಡಿನಿಂದ ಬರುವ ಫ್ಲೋರೋಸಿಸ್‌ನ ರೋಗಿಗಳಲ್ಲಿ ಇದನ್ನು ಭಾರತೀಯ ವೈದ್ಯರಾದ ತೇವಟಿಯಾ ದಂಪತಿಗಳು 1973ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು.

ಬಿಳಿಜೋಳದ ರೊಟ್ಟಿಯೇ ಮುಖ್ಯ ಆಹಾರವಾದ ಈ ಸೀಮೆಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 1970ರ ದಶಕದ ಸಂಶೋಧನೆ ಇನ್ನೂ ಹತ್ತಿರದ್ದು: ಅಕ್ಕಿಯ ಊಟಕ್ಕಿಂತ ಜೋಳದ ಊಟದಲ್ಲಿ ದೇಹ ಹೆಚ್ಚು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆಂದು ಅದು ತೋರಿಸಿತು. ಇದರಲ್ಲಿ ಜೋಳದ ತಪ್ಪೇನೂ ಇಲ್ಲ, ತಪ್ಪು ನೀರಿನದು; ರೊಟ್ಟಿಯ ಜೊತೆಗೆ ಮೊಸರು ಮಜ್ಜಿಗೆ ಧಾರಾಳವಾಗಿದ್ದ ಊಟ ಬಡವರ ಮನೆಗಳಲ್ಲಿ ತೆಳುವಾದಾಗ ಮೂಳೆಗೆ ಇದ್ದ ಕ್ಯಾಲ್ಸಿಯಂನ ಆಸರೆಯೂ ತಪ್ಪುತ್ತದೆ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ, ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆ ಆಗಿನ ಬಸವನ ಬಾಗೇವಾಡಿ ತಾಲೂಕಿನದೇ. ಇಂದು ಅನೇಕ ಹಳ್ಳಿಗಳ ನಲ್ಲಿಗಳಿಗೆ ಕೃಷ್ಣೆಯ ನೀರು ಬರುತ್ತಿದೆ. ಆದರೂ ಮೂಳೆ ಸೇರಿದ ಫ್ಲೋರೈಡ್ ಹೊರಬೀಳಲು ವರ್ಷಗಳು ಹಿಡಿಯುತ್ತವೆ, ಬಹುಕಾಲ ಅತಿಯಾಗಿ ದುಡಿದ ಗ್ರಂಥಿ ಕೆಲವರಲ್ಲಿ ಹತೋಟಿಗೆ ಮರಳುವುದೇ ಇಲ್ಲ. ಬೋರಿನ ನೀರು ಕುಡಿದು ಬೆಳೆದ ತಲೆಮಾರಿನವರ ಮೈಕೈನೋವನ್ನು ವಯಸ್ಸಿನ ಮೇಲೆ ಹೊರಿಸಿ ಸುಮ್ಮನಾಗದೆ, ಅವರ ರಕ್ತದ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನಿನ ಮಟ್ಟವನ್ನೂ ಅವರು ಕುಡಿದ ನೀರಿನ ಫ್ಲೋರೈಡನ್ನೂ ಒಟ್ಟಿಗೆ ಪರೀಕ್ಷಿಸಬೇಕು.