ಕಟ್ಟಡದ ಭಾರ, ಹೊಣೆಯ ಭಾರ

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಕಟ್ಟಡ ಕುಸಿದು 19 ಮಂದಿ ಮೃತಪಟ್ಟದ್ದು ನಿಮಗೆ ನೆನಪಿರಬಹುದು. ಕಟ್ಟಡದ ಭಾರ ಚಾವಣಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಅಡಿಪಾಯಕ್ಕೆ ಇಳಿಯುತ್ತದೆ. ಸುರಕ್ಷತೆಯ ಹೊಣೆಯೂ ಹಾಗೆಯೇ ಮಾಲೀಕರಿಂದ ಗುತ್ತಿಗೆದಾರರಿಗೆ, ಅವರಿಂದ ಉಪಗುತ್ತಿಗೆದಾರರಿಗೆ, ಮೇಸ್ತ್ರಿಗೆ ಜಾರುತ್ತ ಕೊನೆಗೆ ಕೂಲಿಕಾರರ ತಲೆಯ ಮೇಲೆ ಬೀಳುತ್ತದೆ. 1996ರ ಕಟ್ಟಡ ಕಾರ್ಮಿಕರ ಕಾಯಿದೆ ಈ ಹೊಣೆಯನ್ನು ಮತ್ತೆ ಮೇಲಕ್ಕೆತ್ತಿತು. ಸುರಕ್ಷತೆಯ ಉಸ್ತುವಾರಿ ಉದ್ಯೋಗದಾತರದೇ. ಗುತ್ತಿಗೆದಾರರು ಪರಿಹಾರ ಕೊಡದಿದ್ದರೆ ಅವರೇ ಕೊಡಬೇಕು ಎಂದಿತು. ಕರ್ನಾಟಕದ ನಿಯಮಗಳು ಬಂದದ್ದು 2006ರಲ್ಲಿ. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತಾ ಸಂಹಿತೆ ಜಾರಿಗೆ ಬಂದಿದೆ. ನೀವು ಮನೆ ಕಟ್ಟಿಸುವಾಗ ದರವನ್ನಷ್ಟೇ ಕೇಳಬೇಡಿ. ಸಾರವೆ ಗಟ್ಟಿಯಾಗಿದೆಯೇ, ಅದನ್ನು ಪರೀಕ್ಷಿಸಿದವರು ಯಾರು ಎಂದೂ ಕೇಳಿ.